ಹಳೆಯ ಕಾರಿಗೆ ಎಷ್ಟು ಬೆಲೆ ಹೇಳಬೇಕು?



ಜಮಾಲ್‌ಪುರದ ತರಕಾರಿ ಮಾರುಕಟ್ಟೆಗೋ ವಡೋದರಾದ ಖಂಡೇರಾವ್ ಮಾರ್ಕೆಟ್‌ಗೋ ಬೆಳಗಿನ ಜಾವ ಓಡಾಡಿದ ಓಮ್ನಿ, ವ್ಯಾಗನ್-ಆರ್‌ಗಳು ಹತ್ತು ಹನ್ನೆರಡು ವರ್ಷವಾದ ಮೇಲೆ ನಮ್ಮವರಲ್ಲೇ ಕೈ ಬದಲಾಯಿಸುವುದು ರೂಢಿ. ಒಬ್ಬ ಧನಿಯಿಂದ ಇನ್ನೊಬ್ಬ ಧನಿಗೆ, ಇಲ್ಲವೇ ಸ್ವಂತ ಹೋಟೆಲು ಹಾಕಲು ಹೊರಟ ಮ್ಯಾನೇಜರನಿಗೆ. ಪರಿಚಯದ ವ್ಯವಹಾರವೆಂದು ಬಾಯಿಗೆ ಬಂದ ಬೆಲೆ ಹೇಳುತ್ತೇವೆ. ಆರು ತಿಂಗಳಲ್ಲಿ ಮಾತು ಬಿಡುವವರೂ ಇದ್ದಾರೆ.

ವಿಮೆ ಪಾಲಿಸಿಯಲ್ಲಿ ಬರೆದ ಮೌಲ್ಯವೇ ಬೆಲೆಯೆಂದು ಹಲವರು ತಿಳಿದಿದ್ದಾರೆ. ಆ ಸವಕಳಿ ಕೋಷ್ಟಕ ಇರುವುದು 5 ವರ್ಷದವರೆಗೆ ಮಾತ್ರ. ಅನಂತರದ್ದು ಕಂಪನಿಯೂ ನಾವೂ ಒಪ್ಪಿಕೊಂಡ ಅಂಕಿ. ಹೋದ ವರ್ಷ ಪಕ್ಕದವರು ಮಾರಿದ ಬೆಲೆಯನ್ನೂ ನಂಬುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಜಿ.ಎಸ್.ಟಿ. 28ರಿಂದ ಶೇ. 18ಕ್ಕೆ ಇಳಿಯಿತು. ಹೊಸದು ಅಗ್ಗವಾದರೆ ಹಳೆಯದೂ ಇಳಿಯಲೇಬೇಕಲ್ಲ?

ಅದೇ ಮಾಡೆಲ್, ಅದೇ ವರ್ಷ, ಅದೇ ಇಂಧನದ ಎಂಟು ಹತ್ತು ಕಾರುಗಳ ಬೆಲೆಯನ್ನು ನಿಮ್ಮ ಊರಿನಲ್ಲೇ ವಿಚಾರಿಸಿ. ತೀರಾ ಹೆಚ್ಚು, ತೀರಾ ಕಡಿಮೆ ಇರುವುದನ್ನು ಬಿಡಿ. ಬಳಿಕ ಒಬ್ಬ ಡೀಲರ್‌ಗೆ ನೀವಾಗಿ ಮಾರಿದರೆ ಎಷ್ಟು ಕೊಡುತ್ತಾನೆಂದು ಕೇಳಿ. ನ್ಯಾಯದ ಬೆಲೆ ಇವೆರಡರ ನಡುವೆ ಇರುತ್ತದೆ. ಅದರಿಂದ, ಕೊಂಡವನು ಮೊದಲ ಆರು ತಿಂಗಳಲ್ಲಿ ಮಾಡಲೇಬೇಕಾದ ಖರ್ಚನ್ನು ಕಳೆಯಿರಿ: ಟಯರು, ಬ್ಯಾಟರಿ, ಕ್ಲಚ್. ನೀವು ಹಾಕಿಸಿದ ಸೀಟ್ ಕವರ್, ಟೇಪ್‌ಗಳ ದುಡ್ಡನ್ನು ಮರೆತುಬಿಡಿ.

ಇಷ್ಟು ಹಳೆಯ ಕಾರಿನಲ್ಲಿ ಮೀಟರಿಗಿಂತ ಕಾಗದಪತ್ರ ಮುಖ್ಯ. ಖಾಸಗಿ ಕಾರಿನ ಆರ್.ಸಿ. 15 ವರ್ಷಕ್ಕೆ ಮುಗಿದು, ಮುಂದೆ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ. 2022ರ ಏಪ್ರಿಲ್‌ನಿಂದ ಇದರ ಶುಲ್ಕ 5,000 ರೂ.; 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಆಯಿತು. ಹಾಗಾಗಿ ನವೀಕರಣ ಮುಗಿಸಿದ 16 ವರ್ಷದ ಕಾರು, ಇನ್ನೂ ಪರೀಕ್ಷೆಗೆ ಹೋಗಬೇಕಾದ 14 ವರ್ಷದ ಕಾರಿಗಿಂತ ಹೆಚ್ಚು ಬೆಲೆ ಬಾಳಬಹುದು. ಸಿ.ಎನ್.ಜಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು, ಕಿಟ್ ಆರ್.ಸಿ.ಯಲ್ಲಿ ನಮೂದಾಗಿರಬೇಕು. ಕೊಳ್ಳುವವರು ಊರಿಗೆ ಒಯ್ಯುವುದಾದರೆ ಎನ್.ಓ.ಸಿ. ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆಯೂ ಬೀಳುತ್ತದೆ.

ನೆರೆಯ ಮಾತನ್ನು ಮುಚ್ಚಿಡಬಾರದು. 2006ರ ಆಗಸ್ಟಿನಲ್ಲಿ ತಾಪಿ ಉಕ್ಕಿ ಸೂರತ್ ಮುಳುಗಿದ್ದನ್ನು ಹಳಬರು ಮರೆತಿಲ್ಲ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ವಡೋದರಾದ ಮನೆಗಳಿಗೂ ಪಾರ್ಕಿಂಗ್‌ಗಳಿಗೂ ನುಗ್ಗಿತು. ಅಂಥ ಕಾರನ್ನು ಎಷ್ಟು ತೊಳೆಸಿದರೂ ವೈರಿಂಗ್ ತೊಂದರೆ ಒಂದೆರಡು ವರ್ಷದ ಮೇಲೂ ತಲೆಯೆತ್ತುತ್ತದೆ. ಕೊಳ್ಳುವವರು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಕಲೆ ನೋಡಲಿ, ಕಾರ್ಪೆಟ್ ಎತ್ತಿ ತುಕ್ಕು ನೋಡಲಿ. ಮಾರುವವರು ನೀರು ಎಷ್ಟು ಎತ್ತರ ಬಂದಿತ್ತೆಂದು ಮೊದಲೇ ಹೇಳಿ, ಬೆಲೆ ಇಳಿಸಿ.

ಕಾರು ಹೋಟೆಲಿನ ಲೆಕ್ಕದಲ್ಲಿದ್ದು, ಸವಕಳಿ ತೋರಿಸಿದ್ದರೆ ಜಿ.ಎಸ್.ಟಿ. ಪ್ರಶ್ನೆ ಬರುತ್ತದೆ. 5 ಲಕ್ಷದ ಕಾರು, ವರ್ಷಕ್ಕೆ ಶೇ. 15 ಸವಕಳಿಯಂತೆ ಹತ್ತು ವರ್ಷಕ್ಕೆ ಸುಮಾರು 98,000ಕ್ಕೆ ಬಂದಿರುತ್ತದೆ. 1,50,000ಕ್ಕೆ ಮಾರಿದರೆ ವ್ಯತ್ಯಾಸದ 52,000ದ ಮೇಲೆ ಮಾತ್ರ ತೆರಿಗೆ. 2025ರ ಜನವರಿಯಿಂದ ಇದು ಶೇ. 18, ಅಂದರೆ 9,300ರ ಆಸುಪಾಸು. ಇದು ಬೆಲೆಯೊಳಗೋ ಹೊರಗೋ ಎಂಬುದನ್ನು ಮಾತಿನಲ್ಲೇ ತೀರ್ಮಾನಿಸಿ, ನಿಮ್ಮ ಲೆಕ್ಕ ಪರಿಶೋಧಕರನ್ನೂ ಕೇಳಿಕೊಳ್ಳಿ.

ಇಲ್ಲಿ ಚೌಕಾಸಿ ಇಲ್ಲದೆ ವ್ಯಾಪಾರವಿಲ್ಲ. ಮನಸ್ಸಿನಲ್ಲಿರುವ ಬೆಲೆಗಿಂತ ಐದಾರು ಸಾವಿರ ಹೆಚ್ಚು ಹೇಳಿದರೆ ಸಾಕು. ಪೂರ್ತಿ ಹಣ ಬಂದ ದಿನವೇ 29 ಮತ್ತು 30ನೇ ನಮೂನೆಗಳಿಗೆ ಸಹಿ ಮಾಡಿಸಿ ಆರ್.ಟಿ.ಓ.ಗೆ ಸಲ್ಲಿಸಿ. ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕನೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ.