ಹೊಳೆಬಾಗಿಲಿನ ಲಾಂಚು

ಸಾಗರದಿಂದ ಆವಿನಹಳ್ಳಿಯ ಮಾರ್ಗವಾಗಿ ಹೊರಟ ಬಸ್ಸು ಅಡಕೆತೋಟಗಳ ತಗ್ಗನ್ನೂ ಅಕೇಶಿಯಾ ತೋಪುಗಳ ದಿಬ್ಬವನ್ನೂ ಒಂದಾದಮೇಲೊಂದರಂತೆ ಹಿಂದಿಕ್ಕಿ, ಕಡೆಗೆ ರಸ್ತೆಯು ತಾನಾಗಿಯೇ ನೀರೊಳಗೆ ಇಳಿದು ಮರೆಯಾಗುವ ಒಂದೆಡೆಯಲ್ಲಿ ನಿಂತುಬಿಡುತ್ತಿದ್ದಿತು. ಅಂಬಾರಗೋಡ್ಲಿನ ಆ ದಂಡೆಗೆ ಹೊಳೆಬಾಗಿಲೆಂದು ಹೆಸರು. ಹೊಸ ಸೇತುವೆಯ ಕಂಬಗಳು ನೀರ ನಡುವೆ ಅರ್ಧಕ್ಕೆ ಎದ್ದು ನಿಂತಿದ್ದ ಕಾಲದ ಒಂದು ಡಿಸೆಂಬರ್ ಬೆಳಗ್ಗೆ, ಸಿಗಂದೂರಿನ ಕಡೆಗೆ ಹೋಗುವ ಲಾಂಚಿಗಾಗಿ ನಾನು ಅಲ್ಲಿ ಏಕಾಕಿಯಾಗಿ ಕಾದಿದ್ದೆನು. ಒಬ್ಬನೇ ಪ್ರಯಾಣ ಹೊರಟವನಿಗೆ ಬಸ್ಸಿನಲ್ಲಾದರೆ ಕಿಟಕಿಯೇ ಸಂಗಾತಿ, ಲಾಂಚಿನಲ್ಲಿ ಕಿಟಕಿಯಿರಲಿಲ್ಲ.

ಲಾಂಚೆಂದೊಡನೆ ಹಡಗನ್ನು ಕಲ್ಪಿಸಿಕೊಳ್ಳುವವರು ನಿರಾಶರಾಗುವರು. ಅದೊಂದು ಚಪ್ಪಟೆಯಾದ ಕಬ್ಬಿಣದ ಅಂಗಳ. ಮಧ್ಯದಲ್ಲಿ ಬಸ್ಸು, ಕಾರು, ಹಾಲಿನ ಕ್ಯಾನು ಹೊತ್ತ ಬೈಕು. ಅವುಗಳ ಸಂದಿಯಲ್ಲಿಯೂ ಅಂಚಿನ ಕಂಬಿಗಳಿಗೆ ಒರಗಿಯೂ ಜನ. ಆಚೆ ದಡದ ಕಳಸವಳ್ಳಿಯನ್ನು ಮುಟ್ಟುವವರೆಗೆ ಧನಿಕನ ಕಾರಿಗೂ ಬಡವನ ಚಪ್ಪಲಿಗೂ ಒಂದೇ ವೇಗ. ಯಾರೂ ಯಾರನ್ನೂ ಹಿಂದಿಕ್ಕಲಾರದ ಆ ಕಾಲು ಗಂಟೆಯಲ್ಲಿ ಮಾತನಾಡುವುದಲ್ಲದೆ ಬೇರೆ ಕೆಲಸವಿರಲಿಲ್ಲ.

ಮೊದಲು ವಿಚಾರಿಸಿದವರು ತುಮರಿಯ ಕಡೆಯ ಒಬ್ಬ ವೃದ್ಧೆ. "ಎಲ್ಲಾತು ತಮಾ ನಿಂಗೆ? ಒಬ್ನೇ ಬಂದ್ಯಾ?" ಎಂದು ಕೇಳಿ, ಒಬ್ಬನೇ ಎಂಬ ಉತ್ತರ ಬಂದೊಡನೆ, ಮನೆಯಲ್ಲಿ ಜಗಳವಾಡಿ ಹೊರಟವನಿರಬೇಕೆಂಬ ಅನುಮಾನದಿಂದ ನನ್ನ ಮುಖವನ್ನು ದೀರ್ಘವಾಗಿ ಪರೀಕ್ಷಿಸಿ, ಮಡಿಲಿನಿಂದ ಕವಳದ ಸಂಚಿಯನ್ನು ತೆಗೆದು ಒಂದು ಎಲೆಯನ್ನು ನನಗೂ ಕೊಟ್ಟರು. ಅವರ ಪಕ್ಕದಲ್ಲಿ ದಾವಣಗೆರೆಯ ಕಡೆಯ ಒಬ್ಬ ರೈತ. ಅವನ ಪಂಪಿನ ಕೇಬಲ್ಲನ್ನು ಯಾರೋ ಎರಡು ಸಲ ಕದ್ದೊಯ್ದಿದ್ದರಂತೆ. ಸಿಗಂದೂರಿನ ದೇವಿ ಚೌಡೇಶ್ವರಿಗೆ ಹರಕೆ ಹೊತ್ತು, ಈ ಜಾಗಕ್ಕೆ ದೇವಿಯ ಕಾವಲಿದೆಯೆಂಬ ಬೋರ್ಡನ್ನು ಅಲ್ಲಿಂದ ತಂದು ಹೊಲದ ಬದಿಗೆ ನೆಡುವುದಕ್ಕಾಗಿ ಹೊರಟಿದ್ದನು. ಈ ಬೋರ್ಡುಗಳನ್ನು ಬಯಲುಸೀಮೆಯ ತೋಟಗಳಲ್ಲಿಯೂ ಪಟ್ಟಣದ ಅರೆಗಟ್ಟಿದ ಮನೆಗಳ ಮುಂದೆಯೂ ನೋಡದ ಕನ್ನಡಿಗನು ವಿರಳ. ಅದಾಗ್ಯೂ ಆ ದೇವಿಯ ದಾರಿಗೆ ಅಡ್ಡವಾಗಿ ಇಷ್ಟು ನೀರು ಹೇಗೆ ಬಂದು ನಿಂತಿತೆಂಬುದನ್ನು ವಿಚಾರಿಸುವವರು ಇನ್ನೂ ವಿರಳ.

ಶರಾವತಿಯು ತೀರ್ಥಹಳ್ಳಿಯ ಸಮೀಪದ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲನ್ನು ಸೇರುವ, ಸುಮಾರು 128 ಕಿಲೋಮೀಟರುಗಳಷ್ಟೇ ಉದ್ದವಾದ ಹೊಳೆ. ಅದು ಹೊಳೆಯಾಗಿದ್ದ ಕಾಲದಲ್ಲಿ ಬೇಸಗೆಯಲ್ಲಿ ಜನರು ಕಾಲ್ನಡಿಗೆಯಿಂದಲೂ ಗಾಡಿಯಿಂದಲೂ ದಾಟುತ್ತಿದ್ದರು, ಮಳೆಗಾಲಕ್ಕೆ ಅಂಬಿಗನ ದೋಣಿಯಿದ್ದಿತು. ಜೋಗದ ಧುಮುಕಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯಬೇಕೆಂದು ಮೈಸೂರು ಸಂಸ್ಥಾನವು ಸಂಕಲ್ಪಿಸಿ, ಹಿರೇಭಾಸ್ಕರದಲ್ಲಿ ಅಣೆಕಟ್ಟನ್ನು ಕಟ್ಟಿಸಿತು. ಜೋಗದ ವಿದ್ಯುದಾಗಾರವು 1948ರಲ್ಲಿ ಚಾಲನೆಗೊಂಡು, ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆಯಿತು. ರಾಜ್ಯದ ದೀಪಗಳಿಗೆ ಅದೂ ಸಾಲದೆ ಹೋದಾಗ, ಕೆಳಗಡೆ ಲಿಂಗನಮಕ್ಕಿಯಲ್ಲಿ ಅದಕ್ಕಿಂತ ಬಹು ದೊಡ್ಡದಾದ ಕಟ್ಟೆಯೆದ್ದು 1964ರಲ್ಲಿ ಪೂರ್ಣಗೊಂಡಿತು. ಅದರ ಗರಿಷ್ಠ ಜಲಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಿಡಿಯುವ ನೀರು 151 ಟಿಎಂಸಿ. ಈ ನೀರು ಹಿಂದೆ ಹಿಂದೆ ಸರಿದು ಗದ್ದೆ, ತೋಟ, ಗುಡಿ, ಶಾಲೆ, ಸಂತೆಯ ದಾರಿಗಳೆಲ್ಲವನ್ನೂ ನುಂಗಿ, ಕಡೆಗೆ ತನ್ನ ಹಿರಿಯಣ್ಣನಾದ ಹಿರೇಭಾಸ್ಕರದ ಕಟ್ಟೆಯನ್ನೇ ಮುಳುಗಿಸಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಆ ಹಳೆಯ ಕಟ್ಟೆಯು ಮಡೇನೂರಿನ ಬಳಿ ಮೈದೋರುವುದುಂಟು, ಜನರು ಜಾತ್ರೆಗೆ ಹೋದಂತೆ ಹೋಗಿ ನೋಡಿಬರುವುದೂ ಉಂಟು.

ಕರೂರು, ಬಾರಂಗಿ ಹೋಬಳಿಗಳ ಊರುಗಳು ಹೀಗೆ ತಾಲ್ಲೂಕು ಕೇಂದ್ರವಾದ ಸಾಗರದಿಂದ ಕತ್ತರಿಸಿಹೋದುವು. ಅವುಗಳನ್ನು ದ್ವೀಪವೆಂದು ಕರೆಯುವುದು ರೂಢಿ. ಭೂಗೋಳದ ಲೆಕ್ಕಕ್ಕೆ ಅದು ಪೂರ್ತಿ ಸತ್ಯವಲ್ಲ; ಮೂರು ಕಡೆ ನೀರಿದ್ದರೆ ಇನ್ನೊಂದು ಕಡೆ ಘಟ್ಟವೂ ಕಾಡೂ ಇವೆ. ಆದರೆ ಹೆರಿಗೆಯ ನೋವು ಕಾಣಿಸಿಕೊಂಡವಳಿಗೆ ಕಾಡಿನ ಸುತ್ತುದಾರಿಯೂ ನೀರೂ ಬೇರೆ ಬೇರೆಯಾಗಿರಲಿಲ್ಲ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಮುಳುಗಡೆಯನ್ನು ಹತ್ತಿರದಿಂದ ಕಂಡ ಸಾಗರದ ನಾ. ಡಿಸೋಜ ಅವರು 'ಮುಳುಗಡೆ', 'ದ್ವೀಪ' ಎಂಬ ಕಾದಂಬರಿಗಳನ್ನು ಬರೆದರು. ಎರಡನೆಯದನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು.

ಮುಳುಗಿಹೋದ ರಸ್ತೆಗೆ ಬದಲಾಗಿ ಸರ್ಕಾರವು ಕೊಟ್ಟ ವಸ್ತುವೇ ಈ ಲಾಂಚು. ಅದನ್ನು ನಡೆಸುತ್ತಿದ್ದುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಕಡಲೇ ಕಾಣದ ಮಲೆನಾಡಿನ ರೈತನಿಗೆ ಬಂದರು ಇಲಾಖೆಯೊಡನೆ ನಿತ್ಯದ ವ್ಯವಹಾರ ಒದಗಿದ್ದು ಈ ರೀತಿಯಾಗಿ. ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಅಡಕೆಯ ಮೂಟೆ, ಸಾಗರದ ಆಸ್ಪತ್ರೆಯ ರೋಗಿ ಎಲ್ಲರೂ ಆ ಅಂಗಳದ ಮೇಲೆಯೇ ಬರಬೇಕಿತ್ತು, ಅದರ ಮೇಲೆಯೇ ಹೋಗಬೇಕಿತ್ತು. ಯಾತ್ರಿಕರ ದಟ್ಟಣೆ ಬಂದುದು ಅನಂತರದ ಮಾತು. ದೇವಿಯ ಮೂಲಸ್ಥಾನವೂ ನೀರಿನ ಪಾಲಾಯಿತೆಂದು ಅಲ್ಲಿಯವರು ಹೇಳುವರು. ಹಾಗಿದ್ದಲ್ಲಿ ಆಕೆಯೂ ಮುಳುಗಡೆಯ ಸಂತ್ರಸ್ತಳೇ.

ಲಾಂಚು ನಡುನೀರಿಗೆ ಬಂದಾಗ, ಅಷ್ಟು ಹೊತ್ತೂ ಮೌನವಾಗಿ ಕಂಬಿ ಹಿಡಿದು ನಿಂತಿದ್ದ ಶಿವಮೊಗ್ಗ ತಾಲ್ಲೂಕಿನ ಒಬ್ಬ ಮಧ್ಯವಯಸ್ಕನು, ನೀರಿನಿಂದ ಮೇಲೆದ್ದ ಒಣಮರದ ಮೋಟುಗಳ ಕಡೆಗೆ ಕೈತೋರಿ, "ನಮ್ಮ ಅಜ್ಜನ ಮನೆ ಆ ಬದಿಗೆ ಇತ್ತಂತೆ" ಎಂದನು. ಅಜ್ಜನನ್ನು ಲಾರಿಯಲ್ಲಿ ಒಯ್ದು ಬೇರೊಂದು ಕಾಡಿನಲ್ಲಿ ಇಳಿಸಿದ್ದರು. ಕಾಡನ್ನು ಕಡಿದು ಮಾಡಿದ ಆ ಹೊಲವು ಮೂರು ತಲೆಮಾರಿನ ಮೇಲೂ ಕಾಗದದಲ್ಲಿ ಅರಣ್ಯವಾಗಿಯೇ ಇದೆ. ವರ್ಷಕ್ಕೊಮ್ಮೆ ಮನೆದೇವರಿಗೆ ಕಾಯಿ ಒಡೆಯಲು ಅವನು ಈ ದಾರಿಯಲ್ಲಿ ಬರುತ್ತಿದ್ದನು. ಲಾಂಚಿನಲ್ಲಿ ಹೋಗುವುದು ಚಂದವೆಂದು ನಾನು ಆಡಿದ ಒಂದು ಅವಿವೇಕದ ಮಾತಿಗೆ ಅವನು ಉತ್ತರ ಕೊಡಲಿಲ್ಲ. ವೃದ್ಧೆಯು ಕೊಟ್ಟರು: "ಸಂಜೆ ಕಡೇ ಲಾಂಚು ತಪ್ಪಿದ್ರೆ ಇಲ್ಲೇ ಕೂತು ನೋಡು ತಮಾ, ಚಂದ ಗೊತ್ತಾಗ್ತದೆ. ನಮ್ಮ ಹೊಳೇದು ದೀಪ ಬೆಂಗ್ಳೂರಿಗೆ ಹೋತು, ನಮಗೆ ಸೇತುವೆ ಬರ್ಲಿಲ್ಲ."

ಸೇತುವೆಗಾಗಿ ಆ ಊರುಗಳವರು ಸಲ್ಲಿಸಿದ ಮನವಿಗಳಿಗೂ ಮಾಡಿದ ಧರಣಿಗಳಿಗೂ ಲೆಕ್ಕವಿರಲಿಲ್ಲ. 2018ರಲ್ಲಿ ಶಂಕುಸ್ಥಾಪನೆಯಾಗಿ, 2025ರ ಜುಲೈ 14ರಂದು ಅದು ಸಂಚಾರಕ್ಕೆ ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಮಿಕ್ಕು, ನಡುವಿನ ಭಾಗವು ತಂತಿಗಳಿಂದ ತೂಗಿ ನಿಂತಿದೆ. ಇಟ್ಟ ಹೆಸರು ಸಿಗಂದೂರು ಚೌಡೇಶ್ವರಿಯದೇ. ಕಟ್ಟೆ ಮುಗಿದುದಕ್ಕೂ ಸೇತುವೆ ಬಂದುದಕ್ಕೂ ನಡುವೆ ಅರುವತ್ತೊಂದು ವರ್ಷ. ಆ ದಿನಗಳಲ್ಲಿ ಲಾಂಚು ಹೋಯಿತೆಂದು ಮರುಗಿದ ಅನೇಕರನ್ನು ನಾನು ಕಂಡೆನು. ಅವರೆಲ್ಲರೂ, ನನ್ನಂತೆಯೇ, ವರ್ಷಕ್ಕೊಂದು ಸಲ ಹೋಗಿ ಫೋಟೋ ತೆಗೆಸಿಕೊಂಡು ಬಂದವರು. ಅವರ ಮರುಕಕ್ಕೆ ನಾನು ಬೆಲೆ ಕೊಡಲಾರೆ. ಆದರೆ ಅಲ್ಲಿ ಒಂದು ಎಲೆಯ ಕವಳವನ್ನು ಪಡೆದವನಾದ ನನಗೆ, ಆ ಕಾಲು ಗಂಟೆಯೊಡನೆ ಮಾತಿನ ಒಂದು ಜಗಲಿಯೂ ಹೋಯಿತೆಂಬುದನ್ನು ಮುಚ್ಚಿಡಲು ಸಾಧ್ಯವಿಲ್ಲ.

ಮೊನ್ನೆ ಕಾರಿನಲ್ಲಿ ಅದೇ ದಾರಿಯಾಗಿ ಹೋದಾಗ, ಒಣಮರಗಳನ್ನು ಗುರುತಿಸುವಷ್ಟರಲ್ಲಿಯೇ ಕಳಸವಳ್ಳಿ ಬಂದುಬಿಟ್ಟಿತು. ಸೇತುವೆಯೇನೋ ಬಂದಿತು; ಆದರೆ ಶರಾವತಿಯ ಮುಳುಗಡೆಯವರಿಗೆ ಹಂಚಿದ ಭೂಮಿಯ ಹಕ್ಕುಪತ್ರದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.