ಹೆಸರಿನ ಕಳವು

ಕಳವು ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಮುರಿದ ಬೀಗ, ಬರಿದಾದ ಪೆಟ್ಟಿಗೆ. ಕಳೆದುಹೋದದ್ದು ಇಂಥ ವಸ್ತು ಎಂದು ಬೆರಳಿಟ್ಟು ತೋರಿಸಬಹುದಾದುದನ್ನೇ ನಾವು ಕಳವೆಂದು ಕರೆಯುತ್ತ ಬಂದಿದ್ದೇವೆ. ಆದರೆ ಬೀಗ ಹಾಕಿದಂತೆಯೇ ಇದ್ದು, ಪೆಟ್ಟಿಗೆಯ ಒಡವೆ ಇಟ್ಟಲ್ಲಿಯೇ ಇದ್ದು, ಯಜಮಾನನ ಹೆಸರು ಮಾತ್ರ ಅವನಿಗೆ ತಿಳಿಯದಂತೆ ಹೊರಗೆ ಹೋಗಿ ಸಾಲ ಮಾಡಿಕೊಂಡು ಬರುವ ಇನ್ನೊಂದು ಬಗೆಯ ಕಳವೂ ಉಂಟು. ಇಂಗ್ಲಿಷಿನವರು ಇದನ್ನು ಐಡೆಂಟಿಟಿ ಥೆಫ್ಟ್ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ಗುರುತಿನ ಕಳವು ಎನ್ನುತ್ತವೆ. ಹೆಸರಿನ ಕಳವು ಎಂದರೆ ಅರ್ಥಕ್ಕೆ ಇನ್ನೂ ಹತ್ತಿರವಾದೀತೆಂದು ನನ್ನ ಎಣಿಕೆ. ಎಲ್ಲಿಯೋ ಕುಳಿತು ದೂರವಾಣಿಯಲ್ಲಿ ಮೋಸಮಾಡುವ ಅಪರಿಚಿತರ ವಿಚಾರವನ್ನು ನೀವು ದಿನವೂ ಓದುತ್ತೀರಿ. ಈ ಹೊತ್ತು ನಾನು ಹೇಳಹೊರಟಿರುವುದು ಕಳ್ಳನು ಮನೆಯವನೇ ಆದಾಗಿನ ಮಾತು. ಬೇಲಿಯೇ ಎದ್ದು ಹೊಲ ಮೇಯುವ ಪ್ರಸಂಗ ಇದು.

ಇದು ಯಂತ್ರಯುಗದ ಪಿಡುಗೆಂದು ತೋರಬಹುದು. ವಿಶಾಖದತ್ತನ ಮುದ್ರಾರಾಕ್ಷಸ ನಾಟಕವನ್ನು ಬಲ್ಲವರಿಗೆ ಹಾಗೆ ತೋರಲಾರದು. ಆ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವೆಂಬ ಹೆಸರಿನಿಂದ ಕನ್ನಡ ಗದ್ಯಕ್ಕೆ ತಂದನು. ನಾಟಕದಲ್ಲಿ ನಂದರ ಮಂತ್ರಿಯಾದ ರಾಕ್ಷಸನು ಪಾಟಲಿಪುತ್ರವನ್ನು ಬಿಟ್ಟು ಹೋಗುವಾಗ ತನ್ನ ಹೆಂಡತಿ ಮಕ್ಕಳನ್ನು ಚಂದನದಾಸನೆಂಬ ಮಿತ್ರನ ಮನೆಯಲ್ಲಿ ಇರಿಸಿರುತ್ತಾನೆ. ಅವನ ಮುದ್ರೆಯುಂಗುರ ಹೆಂಡತಿಯ ಬೆರಳಿನಲ್ಲಿರುತ್ತದೆ. ಗಂಡಸಿನ ಬೆರಳಿಗೆಂದು ಮಾಡಿಸಿದ ಉಂಗುರ, ಸಡಿಲ. ಹೊರಗೆ ಓಡಿಬಂದ ಐದು ವರ್ಷದ ಮಗುವನ್ನು ಬಾಗಿಲಿನಿಂದ ಒಳಗೆಳೆದುಕೊಳ್ಳುವ ಗಡಿಬಿಡಿಯಲ್ಲಿ ಅದು ಜಾರಿ ಬಿದ್ದು ಚಾಣಕ್ಯನ ಗೂಢಚಾರನ ಕಾಲ ಬಳಿಗೆ ಉರುಳುತ್ತದೆ. ಮುಂದೆ ಆ ಮುದ್ರೆಯನ್ನೊತ್ತಿದ ಒಂದು ಕಪಟಪತ್ರ ರಾಕ್ಷಸನ ಇಡಿಯ ರಾಜಕಾರ್ಯವನ್ನು ಕೆಡಿಸುತ್ತದೆ. ಪತ್ರದ ಅಕ್ಷರವೂ ಅವನ ಸ್ನೇಹಿತ ಶಕಟದಾಸನದೇ. ತಾನು ಏತಕ್ಕಾಗಿ ಬರೆಯುತ್ತಿದ್ದೇನೆಂಬುದು ಆ ಪಾಪದವನಿಗೆ ತಿಳಿದಿರಲಿಲ್ಲ. ಮುದ್ರೆ ತನ್ನದು, ಅಕ್ಷರ ಗೆಳೆಯನದು. ಇವೆರಡೂ ಎದುರಿಗಿರುವಾಗ ಈ ಪತ್ರ ನನ್ನದಲ್ಲವೆಂದು ರಾಕ್ಷಸನು ಹೇಗೆ ತಾನೇ ನಂಬಿಸಿಯಾನು? ಇಲ್ಲಿ ಹೆಂಡತಿ ನಿರಪರಾಧಿ. ನಾವು ಗಮನಿಸಬೇಕಾದದ್ದು ಉಂಗುರ ಮನೆಯಲ್ಲಿತ್ತು ಎಂಬುದನ್ನು.

ಇಂದು ಆ ಉಂಗುರ ಒಂದಾಗಿ ಉಳಿದಿಲ್ಲ, ಹಲವಾಗಿ ಒಡೆದಿದೆ. ಆಧಾರ್ ಚೀಟಿಯ 12 ಅಂಕೆಗಳು, ಪಾನ್ ಸಂಖ್ಯೆ, ಹುಟ್ಟಿದ ತಾರೀಖು, ತಾಯಿಯ ಹೆಸರು, ಬ್ಯಾಂಕಿನ ರುಜು, ಇವೆಲ್ಲಕ್ಕಿಂತ ಮಿಗಿಲಾಗಿ ಮೊಬೈಲಿಗೆ ಬಂದು ಬೀಳುವ ಓಟಿಪಿ ಎಂಬ ಆರಂಕಿಯ ಗುಟ್ಟು. ಹೊರಗಿನ ಕಳ್ಳನು ಇವನ್ನು ಒಂದೊಂದಾಗಿ ಹೊಂಚುಹಾಕಿ ಕೂಡಿಸಬೇಕು. ಮನೆಯವನಿಗೆ ಆ ಶ್ರಮವಿಲ್ಲ. ಅಪ್ಪನ ಜನ್ಮದಿನ ಮಗನಿಗೆ ಗೊತ್ತು. ಅತ್ತೆಯ ಪಾಸ್‌ಬುಕ್ಕು ಯಾವ ಡಬ್ಬಿಯಲ್ಲಿದೆಯೆಂದು ಸೊಸೆಗೆ ಗೊತ್ತು. ಅಜ್ಜಿಯ ಮೊಬೈಲಿಗೆ ಬಂದ ಸಂದೇಶವನ್ನು ಓದಿ ಹೇಳುವವನೇ ಮೊಮ್ಮಗ. ನಮ್ಮ ಮನೆಗಳಲ್ಲಿ ಇದನ್ನು ಗುಟ್ಟೆಂದು ಯಾರೂ ಎಣಿಸಿಲ್ಲ. ಎಣಿಸಿದರೆ ಅದೇ ಒಂದು ಅಪಮಾನ: "ನನ್ನನ್ನೇ ನಂಬುವುದಿಲ್ಲವೇನಪ್ಪಾ?" ವ್ಯಕ್ತಿಯ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು, ಆ ಮೊಕದ್ದಮೆಯ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಸರ್ಕಾರದ ಎದುರಿಗೆ ಈ ಹಕ್ಕನ್ನು ಹೇಳಿಕೊಳ್ಳಲು ನಾವು ಕಲಿತಿದ್ದೇವೆ. ಊಟದ ಮನೆಯಲ್ಲಿ ಅದನ್ನು ಹೇಳಿಕೊಳ್ಳುವ ಮಾತು ನಮಗಿನ್ನೂ ಬಂದಿಲ್ಲ.

ಈ ಕಳವು ನಡೆಯುವ ಬಗೆ ನೋಡಿ. ನಿವೃತ್ತರಾದ ತಂದೆಯೊಬ್ಬರು ಪಿಂಚಣಿಯ ಖಾತೆಗೆ ಮಗನ ಮೊಬೈಲ್ ಸಂಖ್ಯೆಯನ್ನು ಕೊಟ್ಟಿದ್ದಾರೆಂದಿಟ್ಟುಕೊಳ್ಳಿ; ತಮಗೆ ಆ ಯಂತ್ರದ ರಗಳೆ ಬೇಡವೆಂದು. ಮಗನ ವ್ಯಾಪಾರ ಕುಸಿಯುತ್ತದೆ. ಅವನ ಹೆಸರಿನಲ್ಲಿ ಇನ್ನು ಸಾಲ ಹುಟ್ಟುವುದಿಲ್ಲ. ತಂದೆಯ ಆಧಾರ್, ತಂದೆಯ ಪಾನ್, ಓಟಿಪಿ ಬರುವುದು ಅವನ ಕೈಗೇ. ಹತ್ತು ನಿಮಿಷದಲ್ಲಿ ತಂದೆ ಸಾಲಗಾರರಾಗುತ್ತಾರೆ. ತೀರಿಸಿಬಿಡುತ್ತೇನೆ, ಅಪ್ಪನಿಗೆ ಗೊತ್ತಾಗುವುದೇ ಬೇಡ ಎಂಬ ಎಣಿಕೆಯಿಂದಲೇ ಇದು ಸಾಮಾನ್ಯವಾಗಿ ಮೊದಲಾಗುವುದು. ಎರಡನೆಯ ಸಾಲ ಮೊದಲನೆಯದರ ಕಂತಿಗಾಗಿ ಬರುತ್ತದೆ. ತಮ್ಮನು ಅಣ್ಣನ ಪತ್ರಗಳನ್ನಿಟ್ಟು ಸಿಮ್ ಪಡೆಯುವುದು, ತೀರಿಹೋದ ತಂದೆಯ ಎಟಿಎಂ ಕಾರ್ಡಿನಿಂದ ಒಬ್ಬ ಮಗನು ಉಳಿದವರಿಗೆ ತಿಳಿಸದೆ ಹಣ ತೆಗೆಯುತ್ತ ಹೋಗುವುದು, ಪಡಿತರಕ್ಕೆಂದು ಹೇಳಿ ಮುದುಕಿಯ ಹೆಬ್ಬೆಟ್ಟನ್ನು ಹಣ ತೆಗೆಯುವ ಯಂತ್ರದ ಮೇಲೆ ಒತ್ತಿಸುವುದು, ಇವೆಲ್ಲ ಇದೇ ಕುಲದವು.

ಹೆಂಗಸರ ವಿಷಯ ಇನ್ನಷ್ಟು ಜಟಿಲ. ಸ್ವಸಹಾಯ ಗುಂಪಿನಲ್ಲಿ, ಕಿರುಸಾಲದ ಸಂಸ್ಥೆಯಲ್ಲಿ ಸಾಲ ಸಿಗುವುದು ಹೆಂಡತಿಯ ಹೆಸರಿಗೆ. ಹಣ ಹೋಗುವುದು ಅನೇಕ ವೇಳೆ ಗಂಡನ ಕೈಗೆ. ರುಜು ಅವಳೇ ಮಾಡಿರುತ್ತಾಳೆ, ಆದರೆ ಎಷ್ಟು ಇಷ್ಟದಿಂದ ಎಂದು ಯಾರು ಕೇಳಬೇಕು? ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನು ತಂದಿತು. ಅದು ಬಾಗಿಲಲ್ಲಿ ನಿಂತು ಬೆದರಿಸುವವರನ್ನು ತಡೆಯುವುದಕ್ಕೆ. ಬಾಗಿಲಿನ ಒಳಗೆ ಆ ಹಣ ಯಾರ ಪಾಲಾಯಿತೆಂದು ವಿಚಾರಿಸುವುದಕ್ಕಲ್ಲ. ಕಾಯಿದೆಯ ದೃಷ್ಟಿಯಲ್ಲಿ ಒಲ್ಲದ ಮನಸ್ಸಿನಿಂದ ಮಾಡಿದ ರುಜುವೂ, ಮತ್ತೊಬ್ಬರು ಕದ್ದು ಮಾಡಿದ ರುಜುವೂ ಬೇರೆ ಬೇರೆ. ಹೆಣ್ಣುಮಕ್ಕಳಿಗೆ ನಾನು ಹೇಳುವುದಿಷ್ಟೆ: ಮೊದಲನೆಯದನ್ನು ಮಾಡುವ ಮುನ್ನ ಸಾಲ ತೀರಿಸಬೇಕಾದವಳು ನಾನೇ ಎಂದು ತಿಳಿದು ಮಾಡಿ.

ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಾದ್ದರಿಂದ ಒಂದು ಮಾತನ್ನು ಇಲ್ಲಿ ಸೇರಿಸಬಹುದು. ಅಂಕಪಟ್ಟಿಯ ಮೇಲೆ ಅಪ್ಪನ ರುಜುವನ್ನು ತಾನೇ ಹಾಕಿಕೊಂಡು ಬರುವ ಹುಡುಗನನ್ನು ಕಂಡು ಎಲ್ಲ ಮೇಷ್ಟರುಗಳೂ ನಕ್ಕಿದ್ದಾರೆ. ಬ್ಯಾಂಕಿನವರು ನಗುವುದಿಲ್ಲ.

ನಮ್ಮ ಪ್ರಾಚೀನರು ಇಂಥ ಋಣದ ವಿಚಾರವನ್ನು ಬಹಳ ನಿಷ್ಕೃಷ್ಟವಾಗಿ ಚಿಂತಿಸಿದ್ದರು. ಸಾಲಪತ್ರದ ಕೊನೆಯಲ್ಲಿ ಸಾಲಗಾರನು ತನ್ನ ಕೈಯಾರೆ ತನ್ನ ಹೆಸರನ್ನು, ತಂದೆಯ ಹೆಸರಿನೊಡನೆ, ಬರೆದು ಮೇಲಿನದಕ್ಕೆ ಸಮ್ಮತಿ ಸೂಚಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಗಂಡನೋ ಮಗನೋ ಮಾಡಿದ ಸಾಲಕ್ಕೆ ಹೆಂಗಸು ಹೊಣೆಯಲ್ಲ, ಮಗನು ಮಾಡಿದ ಸಾಲಕ್ಕೆ ತಂದೆ ಹೊಣೆಯಲ್ಲ, ಕುಟುಂಬದ ಅಗತ್ಯಕ್ಕಾಗಿ ಮಾಡಿದ್ದರೆ ಮಾತ್ರ ಬೇರೆ ಎಂಬ ಅರ್ಥದ ಮಾತೂ ಅಲ್ಲಿಯೇ ಇದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಎಂದರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದ್ದವನು. ಅವಿಭಕ್ತ ಕುಟುಂಬದ ಆಸ್ತಿಗೆ ಹಕ್ಕುದಾರರು ಯಾರು ಯಾರೆಂದು ವಿವರಿಸಿದ ಗ್ರಂಥವೇ ಒಬ್ಬನ ಸಾಲ ಇನ್ನೊಬ್ಬನ ಕೊರಳಿಗೆ ಬೀಳಬಾರದೆಂದೂ ಎಚ್ಚರಿಸಿತು. ಒಟ್ಟು ಕುಟುಂಬವೆಂದ ಮೇಲೆ ಎಲ್ಲರ ಹೆಸರೂ ಎಲ್ಲರದೂ ಎಂದು ವಾದಿಸುವವರಿಗೆ ಇದನ್ನು ನೆನಪಿಸಬೇಕಾಗಿದೆ.

ಈಗಿನ ಕಾಯಿದೆಯೂ ನೆಂಟಸ್ತಿಕೆಗೆ ವಿನಾಯಿತಿ ಕೊಟ್ಟಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮಕ್ಕೆ ಅನಂತರ ಸೇರಿಸಿದ 66ಸಿ ಕಲಮಿನಂತೆ ಇನ್ನೊಬ್ಬರ ವಿದ್ಯುನ್ಮಾನ ರುಜು, ಪಾಸ್‌ವರ್ಡು ಅಥವಾ ಗುರುತಿನ ಲಕ್ಷಣವನ್ನು ವಂಚನೆಯಿಂದ ಬಳಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಯವರೆಗೆ ದಂಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 319ನೆಯ ಕಲಮು ಇನ್ನೊಬ್ಬರಂತೆ ನಟಿಸಿ ಮಾಡುವ ಮೋಸಕ್ಕೆ 5 ವರ್ಷಗಳವರೆಗೆ ಶಿಕ್ಷೆ ಹೇಳುತ್ತದೆ.

ಇಷ್ಟಿದ್ದೂ ದೂರು ಕೊಡುವವರು ವಿರಳ. ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಈ ಸಾಲ ನನ್ನದಲ್ಲವೆಂದರೆ ಬ್ಯಾಂಕಿನವರು ಪೊಲೀಸ್ ದೂರಿನ ಪ್ರತಿ ಕೇಳುತ್ತಾರೆ. ದೂರು ಬರೆಯಲು ಕುಳಿತ ತಾಯಿಗೆ ಹೆಸರು ಬರೆಯುವ ಜಾಗದಲ್ಲಿ ಕೈ ನಿಲ್ಲುತ್ತದೆ. ಮಗಳ ಮದುವೆ ಮುಂದಿದೆ, ಬೀಗರ ಕಿವಿಗೆ ಬಿದ್ದರೆ? ಸೊಸೆ ಮಕ್ಕಳ ಗತಿಯೇನು? ಹೀಗೆ ಯೋಚಿಸಿ ಯೋಚಿಸಿ, ತನ್ನದಲ್ಲದ ಸಾಲದ ಕಂತನ್ನು ತನ್ನ ಪಿಂಚಣಿಯಿಂದ ಕಟ್ಟಲು ತೊಡಗುತ್ತಾಳೆ. ಇದನ್ನು ಮೂರ್ಖತನವೆಂದು ನಾನು ಕರೆಯಲಾರೆ. ಆದರೆ ಆಕೆ ತಿಳಿದಿರಬೇಕಾದ ಎರಡು ಸಂಗತಿಗಳುಂಟು. ತಿಳಿದೂ ಕಟ್ಟಿದ ಕಂತಿನ ರಸೀದಿಯೇ ನಾಳೆ ಆ ಸಾಲವನ್ನು ಆಕೆ ಒಪ್ಪಿಕೊಂಡಳೆನ್ನುವುದಕ್ಕೆ ಸಾಕ್ಷಿಯಾಗಬಹುದು. ಇನ್ನೊಂದು, ದೂರು ಕೊಟ್ಟೊಡನೆ ಮಗನು ಸೆರೆಮನೆಯಲ್ಲಿಯೇ ಉಳಿಯುತ್ತಾನೆಂಬ ಭೀತಿ ಪೂರ್ತಿ ನಿಜವಲ್ಲ. 66ಸಿ ಕಲಮಿನ ಅಪರಾಧ ಜಾಮೀನಿಗೆ ಅರ್ಹವಾದದ್ದು. ಅದೇ ಅಧಿನಿಯಮದ 77ಎ ಕಲಮಿನಂತೆ ನ್ಯಾಯಾಲಯದ ಮೂಲಕ ರಾಜಿಗೂ ಅವಕಾಶವಿದೆ. ಆದರೆ ಹೆಂಗಸರ ಅಥವಾ 18 ತುಂಬದ ಮಕ್ಕಳ ವಿರುದ್ಧ ನಡೆದ ಅಪರಾಧದಲ್ಲಿ ಈ ರಾಜಿಯ ಬಾಗಿಲು ಮುಚ್ಚಿದೆ. ಆದುದರಿಂದ ತಾಯಂದಿರು ಮೊದಲು ಒಬ್ಬ ವಕೀಲರನ್ನು ಕಂಡು, ಬರೆಯುವ ಪ್ರತಿಯೊಂದು ಸಾಲಿನ ಪರಿಣಾಮವನ್ನು ತಿಳಿದು ಬರೆಯುವುದು ಮೇಲು. ಮನೆಯಲ್ಲಿಯೇ ಇತ್ಯರ್ಥ ಮಾಡಿಕೊಳ್ಳುತ್ತೇವೆನ್ನುವವರು ಬಾಯಿಮಾತಿಗೆ ನಿಲ್ಲಬಾರದು. ಸಾಲ ಮಾಡಿದವನು ತಾನೇ ಎಂದು, ಇಂಥ ತಾರೀಖಿನೊಳಗೆ ತೀರಿಸುವೆನೆಂದು, ಅವನ ಕೈಯಿಂದಲೇ ಸಾಕ್ಷಿಗಳ ಸಮಕ್ಷಮ ಬರೆಸಿಕೊಳ್ಳಬೇಕು. ಯಾಜ್ಞವಲ್ಕ್ಯರು ಕೇಳಿದ್ದೂ ಅದನ್ನೇ.

ಇನ್ನು ಕಾಪಾಡಿಕೊಳ್ಳುವ ಬಗೆ. ಮೊಟ್ಟಮೊದಲು ಮೊಬೈಲ್ ಸಂಖ್ಯೆ. ಆಧಾರ್‌ಗೂ ಬ್ಯಾಂಕಿಗೂ ಜೋಡಿಸಿರುವ ಸಂಖ್ಯೆ ನಿಮ್ಮದೇ ಆಗಿರಬೇಕು, ಆ ಮೊಬೈಲು ನಿಮ್ಮ ಬಳಿಯೇ ಇರಬೇಕು. ಇದೊಂದು ತಪ್ಪಿದರೆ ಮುಂದೆ ನಾನು ಹೇಳುವ ಉಪಾಯಗಳೆಲ್ಲ ವ್ಯರ್ಥ. ಏಕೆಂದರೆ ಆ ಎಲ್ಲ ಬೀಗಗಳ ಕೀಲಿ ಬರುವುದು ಆ ಸಂಖ್ಯೆಗೇ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳೊತ್ತಿ ಸಂಖ್ಯೆಯನ್ನು ಬದಲಿಸಿಕೊಳ್ಳಬಹುದು. ಅನಂತರ ಬೆರಳಚ್ಚಿಗೂ ಕಣ್ಣಿನ ಗುರುತಿಗೂ ಬೀಗ ಹಾಕಬಹುದು. ಪಡಿತರಕ್ಕೆ ಬೇಕಾದಾಗ ತೆರೆದು ಮತ್ತೆ ಮುಚ್ಚಬಹುದು. ಕಡೆಯ 4 ಅಂಕೆಗಳು ಮಾತ್ರ ಕಾಣುವ ಮುಚ್ಚಿದ ಆಧಾರ್ ಪ್ರತಿಯೂ ಸಿಗುತ್ತದೆ. ಕಳೆದ 6 ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತೆಂಬ ಪಟ್ಟಿಯನ್ನು ಪ್ರಾಧಿಕಾರವೇ ತೋರಿಸುತ್ತದೆ. ವಿವರ ಬೇಕಾದವರು 1947ಕ್ಕೆ ದೂರವಾಣಿ ಮಾಡಿ ಕೇಳಬಹುದು. ನೆನಪಿಡಲು ಕಷ್ಟವಿಲ್ಲದ ಸಂಖ್ಯೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂದು ತಿಳಿಯಲು ಕೇಂದ್ರ ದೂರಸಂಪರ್ಕ ಇಲಾಖೆ 2023ರಲ್ಲಿ ಸಂಚಾರ್ ಸಾಥಿ ಎಂಬ ವ್ಯವಸ್ಥೆಯನ್ನು ತೆರೆದಿದೆ.

ಕೈಲಾಗದವರು ಮಕ್ಕಳ ನೆರವಿಲ್ಲದೆ ಬ್ಯಾಂಕಿನ ವ್ಯವಹಾರ ಮಾಡುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನೆರವು ಬೇರೆ, ಹೆಸರನ್ನೇ ಒಪ್ಪಿಸಿಬಿಡುವುದು ಬೇರೆ. ಮಗನನ್ನೋ ಮಗಳನ್ನೋ ಖಾತೆಗೆ ಜಂಟಿಯಾಗಿ ಸೇರಿಸಬಹುದು, ಅಥವಾ ಬ್ಯಾಂಕಿಗೆ ಅಧಿಕಾರಪತ್ರ ಬರೆದುಕೊಡಬಹುದು. ಆಗ ಅವರು ತೆಗೆದ ಹಣ ಅವರ ರುಜುವಿನ ಮೇಲೆಯೇ ಹೋಗುತ್ತದೆ. ಮನೆಯ ಖರ್ಚಿಗೆಂದು ಚಿಕ್ಕದೊಂದು ಖಾತೆಯನ್ನು ಹೀಗೆ ಜಂಟಿಯಾಗಿಟ್ಟು, ಪಿಂಚಣಿಯ ಖಾತೆಯನ್ನು ಪ್ರತ್ಯೇಕವಾಗಿಡುವುದು ಲೇಸು. ಖಾಲಿ ಚೆಕ್ಕಿಗೆ ರುಜು ಮಾಡಿ ಬೀರುವಿನಲ್ಲಿಡುವ ಪದ್ಧತಿ ಇನ್ನೂ ಅನೇಕ ಮನೆಗಳಲ್ಲಿದೆ, ಅದನ್ನು ಇಂದೇ ನಿಲ್ಲಿಸಬೇಕು. ಗುಪ್ತಸಂಖ್ಯೆಯನ್ನು ಹೇಳಿಕೊಟ್ಟರೆ ಆಗುವ ನಷ್ಟ ಮನೆಯೊಳಗಿನದಷ್ಟೇ ಅಲ್ಲ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕನು ತಾನೇ ಗುಟ್ಟನ್ನು ಹಂಚಿಕೊಂಡು ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ ಎಂದು ಸ್ಪಷ್ಟವಾಗಿ ಹೇಳಿತು. ಹಂಚಿಕೊಂಡದ್ದು ಮಗನ ಜೊತೆಗೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕಡೆಯದಾಗಿ, ಕಳವು ಆಗಿಹೋಗಿದೆಯೇ ಎಂದು ನೋಡಿಕೊಳ್ಳುವ ದಾರಿ. ನಮ್ಮ ದೇಶದಲ್ಲಿ ಪ್ರತಿಯೊಬ್ಬ ಸಾಲಗಾರನ ಲೆಕ್ಕವನ್ನು ಇಟ್ಟುಕೊಳ್ಳುವ ನಾಲ್ಕು ಸಂಸ್ಥೆಗಳಿವೆ: ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈ ಮಾರ್ಕ್. 2017ರಿಂದ ಇವು ಒಂದೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂಬ ನಿಯಮವಿದೆ. ತಾವು ಒಂದು ರೂಪಾಯಿ ಸಾಲ ಮಾಡಿದವರಲ್ಲವೆಂದು ಹೆಮ್ಮೆಪಡುವವರೂ ಅದನ್ನು ತರಿಸಿ ನೋಡಬೇಕು.  ತಾನು ಮಾಡದ ಸಾಲ ಅಲ್ಲಿ ಕಂಡರೆ ಆ ಸಂಸ್ಥೆಗೂ ಸಾಲ ಕೊಟ್ಟವರಿಗೂ ಬರೆದು ತಕರಾರು ಸಲ್ಲಿಸಬೇಕು. ಹಣ ಆಗತಾನೆ ಹೋಗಿದ್ದರೆ ಬ್ಯಾಂಕಿಗೂ 1930ಕ್ಕೂ ಕೂಡಲೇ ತಿಳಿಸಬೇಕು. ತಕರಾರು ಸಲ್ಲಿಸಿದ 30 ದಿನಗಳಲ್ಲಿ ವಿಷಯ ಬಗೆಹರಿಯದಿದ್ದರೆ, 2024ರ ಏಪ್ರಿಲಿನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಮುಂದಿನ ಒಂದೊಂದು ದಿನಕ್ಕೂ 100 ರೂಪಾಯಿಯ ಪರಿಹಾರವನ್ನು ನೀವು ಕೇಳಬಹುದು. ತಕರಾರಿನ ಪ್ರತಿಯನ್ನೂ ಅದು ತಲುಪಿದ ದಿನಾಂಕವನ್ನೂ ಜೋಪಾನವಾಗಿಡಿ, ಆದಷ್ಟು ಮಟ್ಟಿಗೆ ನಿಮ್ಮದೇ ಪೆಟ್ಟಿಗೆಯಲ್ಲಿ.