ಏಜೆಂಟರು ಬರೆದ ತಪ್ಪಿಗೆ ಮನೆಯವರು ಹೊಣೆಯೇ?

2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆ ಒಟ್ಟಿಗೇ ಹೋದದ್ದನ್ನು ಕಂಡವರಿಗೆ ಮನೆಗೆ ವಿಮೆ ಏಕೆ ಬೇಕು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಹೇಳಬೇಕಾದದ್ದು ಬೇರೆ ಇದೆ. ವಿಮೆ ಮಾಡಿಸಿದ ಮೇಲೂ, ಆ ಕಾಗದದಲ್ಲಿ ಏಜೆಂಟರು ಬರೆದ ಒಂದು ತಪ್ಪು ಸಾಲು ಮನೆಯವರನ್ನು ಬರಿಗೈಯಲ್ಲಿ ನಿಲ್ಲಿಸಬಹುದು. ಹಾಗೆ ಆಗದಂತೆ ತಡೆಯುವ ದಾರಿಗಳೂ ಇವೆ, ಆದ ಮೇಲೆ ಎದುರಿಸುವ ದಾರಿಗಳೂ ಇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈ ಬಗ್ಗೆ ಬೇರೂರಿರುವ ನಂಬಿಕೆಗಳು ಮಾತ್ರ ಆ ದಾರಿಗಳಿಗೇ ಅಡ್ಡ ನಿಂತಿವೆ.

ನಮ್ಮಲ್ಲಿ ವಿಮೆ ಎಂದರೆ ಮೊದಲು ನೆನಪಾಗುವುದು ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ. ಸೊಸೈಟಿಯಲ್ಲಿ ಕಂತು ಕಟ್ಟುತ್ತೇವೆ, ಪಂಚಾಯ್ತಿ ಮಟ್ಟದ ಮಳೆ ಮಾಪಕ ಮಳೆ ಅಳೆಯುತ್ತದೆ, ಲೆಕ್ಕ ಹೊಂದಿದರೆ ದುಡ್ಡು ಖಾತೆಗೆ ಬರುತ್ತದೆ. ನಿಮ್ಮ ತೋಟದಲ್ಲಿ ಎಷ್ಟು ಮರಕ್ಕೆ ಕೊಳೆ ಬಂತು ಎಂದು ನೋಡಲು ಯಾರೂ ಬರುವುದಿಲ್ಲ. ಕಂತು ಕಟ್ಟಿ ಮರೆತುಬಿಡುವ ಅಭ್ಯಾಸ ಅಲ್ಲಿಂದಲೇ ಬಂದದ್ದು ಎಂದು ನನ್ನ ಅಂದಾಜು. ಮನೆ ವಿಮೆ ಇದಕ್ಕೆ ತದ್ವಿರುದ್ಧ. ಹಾನಿಯಾದ ಮೇಲೆ ಸರ್ವೇಯರ್ ನಿಮ್ಮ ಅಂಗಳದಲ್ಲೇ ನಿಂತು, ಪಾಲಿಸಿಯಲ್ಲಿ ಬರೆದದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆ ಹಾಕುತ್ತಾರೆ. ಅಲ್ಲಿ ಪ್ರತಿ ಅಕ್ಷರಕ್ಕೂ ಬೆಲೆ ಇದೆ.

“ಫಾರ್ಮು ತುಂಬಿದ್ದು ಏಜೆಂಟರು. ತಪ್ಪಿಗೆ ಅವರೇ ಹೊಣೆ, ನಮಗೇನು?”

ಅರ್ಧ ನಿಜ. 1938ರ ವಿಮಾ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಸ್ಪಷ್ಟವಾಗಿದೆ: ಏಜೆಂಟರು ಮಾಡಿದ್ದಕ್ಕೂ ಮಾಡದೆ ಬಿಟ್ಟಿದ್ದಕ್ಕೂ ಕಂಪನಿಯೇ ಹೊಣೆ, ದಂಡ ಒಂದು ಕೋಟಿ ರೂಪಾಯಿವರೆಗೆ ಹೋಗಬಹುದು. ಏಜೆಂಟರು ನಿಮ್ಮ ನೆಂಟರೋ ಪಕ್ಕದ ಕೇರಿಯವರೋ ಆಗಿರಬಹುದು, ಕಾನೂನಿನ ಕಣ್ಣಿಗೆ ಅವರು ಕಂಪನಿಯ ಮನುಷ್ಯ. ಸಾಲ ಕೊಡುವಾಗ ವಿಮೆಯನ್ನೂ ಮಾಡಿಸುವ ಬ್ಯಾಂಕು ಕಾರ್ಪೊರೇಟ್ ಏಜೆಂಟ್ ಆಗಿದ್ದರೆ ಅದಕ್ಕೂ ಇದೇ ಮಾತು. ಬ್ರೋಕರ್ ಮಾತ್ರ ಬೇರೆ. ಅವರು ಗ್ರಾಹಕರ ಪರ ಕೆಲಸ ಮಾಡುವವರು ಎಂದು ಲೆಕ್ಕ. ಪಾಲಿಸಿಯ ಮೊದಲ ಪುಟದಲ್ಲಿ ಯಾರ ಹೆಸರು, ಯಾವ ಕೋಡ್ ಇದೆ ಎಂದು ಒಮ್ಮೆ ನೋಡಿಕೊಳ್ಳಿ.

ಇನ್ನರ್ಧ ಕಹಿ. ಫಾರ್ಮಿನ ಕೆಳಗಿರುವ ಸಹಿ ನಿಮ್ಮದು. ಮೇಲೆ ಬರೆದದ್ದೆಲ್ಲ ನಿಜ ಎಂದು ಒಪ್ಪಿಕೊಂಡ ಗುರುತು ಅದು. ಕ್ಲೇಮು ಬಂದಾಗ ಕಂಪನಿ ಮೊದಲು ತೋರಿಸುವುದೂ ಅದನ್ನೇ. “ಇಂಗ್ಲಿಷಿನ ಈ ಫಾರ್ಮನ್ನು ನನ್ನ ಭಾಷೆಯಲ್ಲಿ ವಿವರಿಸಿ ಹೇಳಿದ್ದಾರೆ” ಎಂಬ ಅರ್ಥದ ಒಂದು ಸಾಲು ಇರುತ್ತದೆ. ಯಾರೂ ವಿವರಿಸದೆಯೇ ಅದರ ಕೆಳಗೂ ಸಹಿ ಬಿದ್ದಿರುತ್ತದೆ. ಇದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇಂಗ್ಲಿಷ್ ಬಾರದವರ ರಕ್ಷಣೆಗೆಂದು ಮಾಡಿದ ಸಾಲೇ ಅವರ ವಿರುದ್ಧದ ಸಾಕ್ಷಿಯಾಗುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ತಪ್ಪು ಬೀಳಲು ಜಾಗಗಳು ಬಹಳ. ಊರ ವಿಳಾಸವನ್ನು ನಾವು ಅಂಚೆಯ ಹೆಸರಿನಿಂದ ಹೇಳುತ್ತೇವೆ, ಪಹಣಿಯಲ್ಲಿರುವ ಗ್ರಾಮದ ಹೆಸರು ಬೇರೆಯೇ ಇರುತ್ತದೆ. ಏಜೆಂಟರು ಅಂಚೆಯ ಊರನ್ನು ಬರೆದು, ಸರ್ವೆ ನಂಬರೋ ಪಂಚಾಯ್ತಿಯ ಮನೆ ನಂಬರೋ ಬಿಟ್ಟರೆ, ವಿಮೆ ಆಗಿದ್ದು ಯಾವ ಮನೆಗೆ ಎಂಬ ಪ್ರಶ್ನೆ ಏಳುತ್ತದೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿ, ಪಾಲಾಗಿ ಮನೆ ತಮ್ಮನಿಗೆ, ಪಾಲಿಸಿ ಅಣ್ಣನ ಹೆಸರಲ್ಲಿ. ಇಂಥದ್ದೂ ಸಾಮಾನ್ಯ. ಮನೆಯ ಒಂದು ಭಾಗದಲ್ಲಿ ಹೋಮ್‌ಸ್ಟೇ ನಡೆಯುತ್ತಿದ್ದರೂ ಬರೀ “ವಾಸದ ಮನೆ” ಎಂದು ಬರೆದಿರುವುದು ಈಚಿನ ಸೇರ್ಪಡೆ.

ಕಟ್ಟಡದ ಬಗೆಯದ್ದು ಇನ್ನೂ ಮುಖ್ಯ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮೆಯ ಕಂಪನಿಗಳೆಲ್ಲ ಕೊಡಬೇಕಾದ “ಭಾರತ್ ಗೃಹ ರಕ್ಷಾ” ಎಂಬ ಏಕರೂಪದ ಮನೆ ವಿಮೆಯಲ್ಲಿ, ಕಚ್ಚಾ ಕಟ್ಟಡ ಎಂದರೆ ಮರದ ಹಲಗೆ, ಸೋಗೆ ಮುಂತಾದ ಗರಿ, ಹುಲ್ಲು, ಬಿದಿರು, ಪ್ಲಾಸ್ಟಿಕ್, ಟಾರ್ಪಾಲಿನಂಥದ್ದರಿಂದ ಗೋಡೆ ಅಥವಾ ಮಾಡು ಮಾಡಿದ್ದು. ಮಣ್ಣಿನ ಗೋಡೆ, ಹಂಚಿನ ಮಾಡು ಆ ಪಟ್ಟಿಯಲ್ಲಿಲ್ಲ. ಮಣ್ಣಿನ ಗೋಡೆ ಕಂಡೊಡನೆ ಕಚ್ಚಾ ಎಂದು ಗುರುತು ಹಾಕುವುದೂ ತಪ್ಪು, ಸೋಗೆ ಹೊದೆಸಿದ ಭಾಗ ಇದ್ದರೂ ಎಲ್ಲ ಪಕ್ಕಾ ಎಂದು ಬರೆಯುವುದೂ ತಪ್ಪು. ಗೋಡೆ ಯಾವುದರದು, ಮಾಡು ಯಾವುದರದು ಎಂದು ಇದ್ದದ್ದನ್ನು ಇದ್ದಂತೆ ಬರೆಸಿ, ಫೋಟೊ ಲಗತ್ತಿಸಿ.

ನ್ಯಾಯಾಲಯಗಳು ಗ್ರಾಹಕರನ್ನು ಕೈಬಿಟ್ಟಿಲ್ಲ ಎಂಬುದನ್ನೂ ತಿಳಿದಿರಬೇಕು. ಟೆಕ್ಸ್‌ಕೋ ಮಾರ್ಕೆಟಿಂಗ್ ಪ್ರಕರಣದಲ್ಲಿ ಅಂಗಡಿ ಇದ್ದದ್ದು ನೆಲಮಾಳಿಗೆಯಲ್ಲಿ. ಪಾಲಿಸಿಯ ಒಂದು ಷರತ್ತಿನಂತೆ ನೆಲಮಾಳಿಗೆಗೆ ರಕ್ಷಣೆ ಇರಲಿಲ್ಲ. ಬೆಂಕಿ ಬಿದ್ದ ಮೇಲೆ ಕಂಪನಿ ಆ ಷರತ್ತು ಹಿಡಿದು ಕೈ ತೊಳೆದುಕೊಳ್ಳಲು ನೋಡಿತು. ಜಾಗವನ್ನು ಕಂಡು, ತಿಳಿದು, ಕಂತು ಪಡೆದ ಮೇಲೆ ಹಾಗೆ ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ತೀರ್ಪಿತ್ತಿತು. ಭಾರತ್ ವಾಚ್ ಕಂಪನಿ ಪ್ರಕರಣದ 2019ರ ತೀರ್ಪಿನಲ್ಲಿ, ಗ್ರಾಹಕರ ಕೈಗೆ ಕೊಡದ ಹೊರಗಿಡುವ ಷರತ್ತುಗಳನ್ನು ಅವರ ಮೇಲೆ ಹೇರುವಂತಿಲ್ಲ ಎಂದಿತು. ಆದರೆ ಇಂಥ ವಾದ ನಿಲ್ಲುವುದು ಕಂಪನಿಗೆ ಏನು ಗೊತ್ತಿತ್ತು, ನಿಮಗೆ ಏನು ಕೊಟ್ಟಿದ್ದರು ಎಂಬುದರ ಮೇಲೆ. ಅದಕ್ಕೆ ಕಾಗದ ಬೇಕು. ತುಂಬಿದ ಪ್ರಪೋಸಲ್ ಫಾರ್ಮಿನ ಪ್ರತಿ, ಏಜೆಂಟರಿಗೆ ಕಳಿಸಿದ ವಾಟ್ಸಾಪ್ ಸಂದೇಶ, ಕೊಟ್ಟ ದಾಖಲೆಗಳ ನಕಲು, ಎಲ್ಲವೂ. ಫಾರ್ಮಿನ ಪ್ರತಿ ಸಿಕ್ಕಿಲ್ಲದಿದ್ದರೆ ಇವತ್ತೇ ಕಂಪನಿಗೆ ಬರೆದು ಕೇಳಿ. ಅದು ನಿಮ್ಮ ಹಕ್ಕು.

“ಸಣ್ಣ ತಪ್ಪು, ರಿನ್ಯೂವಲ್ ಹೊತ್ತಿಗೆ ಸರಿ ಮಾಡಿದರಾಯ್ತು.”

ಬೇಡ. ಹಾನಿ ಆಗುವ ಮೊದಲು ಒಂದು ಪತ್ರದಿಂದ ಸರಿಯಾಗುವ ವಿಷಯ, ಹಾನಿ ಆದ ಮಾರನೆಯ ದಿನದಿಂದ ಸಂಶಯದ ವಿಷಯವಾಗುತ್ತದೆ. ತಿದ್ದುಪಡಿಗೆ ವಿಮೆಯವರ ಮಾತಿನಲ್ಲಿ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ. ಹೆಸರು, ವಿಳಾಸ, ಮನೆಯ ಅಳತೆ, ಕಟ್ಟಡದ ಬಗೆ, ಯಾವುದೇ ಇರಲಿ, ಪಾಲಿಸಿ ನಡೆಯುತ್ತಿರುವಾಗಲೇ ತಿದ್ದಿಸಬಹುದು. ಅಳತೆ ಹೆಚ್ಚಾದರೆ ಕಂತಿನ ವ್ಯತ್ಯಾಸ ಕಟ್ಟಬೇಕಾದೀತು, ಅಷ್ಟೆ.

“ಏಜೆಂಟರಿಗೆ ಫೋನು ಮಾಡಿ ಹೇಳಿದ್ದೆ” ಎಂಬುದು ಸಾಲದು. ಕಂಪನಿಯ ಶಾಖೆಗೇ ಬರವಣಿಗೆಯಲ್ಲಿ ಕೊಡಿ: ಪಾಲಿಸಿ ಸಂಖ್ಯೆ, ಈಗ ಏನಿದೆ, ಏನಾಗಬೇಕು, ಯಾವ ದಾಖಲೆ ಲಗತ್ತಿಸಿದ್ದೀರಿ. ಕೈಯಲ್ಲಿ ಕೊಟ್ಟರೆ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಇಮೇಲ್ ಆದರೆ ಏಜೆಂಟರಿಗೂ ಪ್ರತಿ ಇರಲಿ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ಎಂಡಾರ್ಸ್‌ಮೆಂಟ್ ಕಾಗದ ಕೈಗೆ ಬರುವವರೆಗೆ ಕೆಲಸ ಆಯಿತು ಎಂದುಕೊಳ್ಳಬೇಡಿ. ಜೀವ ವಿಮೆ, ಆರೋಗ್ಯ ವಿಮೆಗಳಲ್ಲಿ ಇಷ್ಟವಾಗದಿದ್ದರೆ ವಾಪಸು ಕೊಡಲು 30 ದಿನಗಳ ಅವಕಾಶ ಇರುತ್ತದಲ್ಲ, ಅದನ್ನು ಮನೆ ವಿಮೆಗೂ ಹಚ್ಚಿ ಹೇಳುವವರಿದ್ದಾರೆ. ಅದು ಇದಕ್ಕಲ್ಲ. ಆದರೆ ಪಾಲಿಸಿಯನ್ನು ನಡುವೆ ರದ್ದು ಮಾಡಿ ಉಳಿದ ಅವಧಿಯ ಕಂತು ವಾಪಸು ಪಡೆಯುವ ದಾರಿ ಇದೆ.

“ಏಜೆಂಟರ ಕೈಗೆ ದುಡ್ಡು ಕೊಟ್ಟ ದಿನದಿಂದಲೇ ವಿಮೆ ಶುರು.”

ಇಲ್ಲ. ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಕಂತು ಕಂಪನಿಗೆ ಸಲ್ಲುವ ಮೊದಲು ಹೊಣೆ ಶುರುವಾಗುವುದಿಲ್ಲ. ಏಜೆಂಟರು ಪಡೆದ ಹಣವನ್ನು, ರಜಾ ದಿನ ಬಿಟ್ಟು, 24 ಗಂಟೆಯೊಳಗೆ ಕಂಪನಿಗೆ ಕಟ್ಟಬೇಕು ಎಂದೂ ಅದೇ ಕಲಮು ಹೇಳುತ್ತದೆ. ಜೂನ್ ಮೊದಲ ವಾರ ನಗದು ಕೊಟ್ಟು ನಿಶ್ಚಿಂತೆಯಿಂದಿರುವವರಿಗೆ ಇದು ಗೊತ್ತಿರಲೇಬೇಕು. ಹರ್ಷದ್ ಶಾ ಪ್ರಕರಣ ಜೀವ ವಿಮೆಯದ್ದಾದರೂ ಪಾಠ ಇಲ್ಲಿಗೂ ಸಲ್ಲುತ್ತದೆ. ಕಂತು ಪಡೆಯಲು ಅಧಿಕಾರವಿಲ್ಲದ ಏಜೆಂಟರಿಗೆ ಕೊಟ್ಟದ್ದು ಕಂಪನಿಗೆ ಕೊಟ್ಟಂತಾಗದು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತು. ಚೆಕ್ಕೋ ಯುಪಿಐಯೋ, ಕಂಪನಿಯ ಹೆಸರಿಗೇ ಕಟ್ಟಿ.

“ಫುಲ್ ಇನ್ಶೂರೆನ್ಸ್ ಮಾಡಿಸಿದೀನಿ, ಎಲ್ಲಾ ಬರ್ತದೆ ಅಂದಿದಾರೆ.”

ಬಹಳಷ್ಟು ಬರುತ್ತದೆ. ಬೆಂಕಿ, ಸಿಡಿಲು, ಗಾಳಿ, ನೆರೆ, ಭೂಕುಸಿತ, ಕಾಡ್ಗಿಚ್ಚು ಎಲ್ಲವೂ ಗೃಹ ರಕ್ಷಾದಲ್ಲಿವೆ. ಆದರೆ ಧರೆ ಕುಸಿಯುವ ನಮ್ಮ ಊರುಗಳಲ್ಲಿ ಒಂದು ಷರತ್ತನ್ನು ಓದಲೇಬೇಕು: ಮಣ್ಣು ತುಂಬಿ ಎತ್ತರಿಸಿದ ನೆಲ ಜರುಗಿದ್ದು, ನದಿ ಕೊರೆದದ್ದು, ಕಟ್ಟಡದ ವಿನ್ಯಾಸ ಅಥವಾ ಕೆಲಸದ ದೋಷದಿಂದ ಆದದ್ದು ಭೂಕುಸಿತದ ರಕ್ಷಣೆಯಿಂದ ಹೊರಗೆ. ಗುಡ್ಡ ಕಡಿದು ಒಂದು ಬದಿ ಮಣ್ಣು ತುಂಬಿ ಕಟ್ಟಿದ ಮನೆಗಳು ನಮ್ಮಲ್ಲಿ ಎಷ್ಟಿವೆ! ಹಾನಿಯಾದಾಗ ವಾದ ಏಳುವುದು ಇಲ್ಲೇ.

ಕಳ್ಳತನವೂ ಹಾಗೆ. ಬೆಂಕಿ, ನೆರೆಯಂಥ ಘಟನೆಯ ಬೆನ್ನಲ್ಲೇ, ಏಳು ದಿನಗಳೊಳಗೆ ಆದ ಕಳ್ಳತನಕ್ಕೆ ಮಾತ್ರ ಗೃಹ ರಕ್ಷಾದಲ್ಲಿ ರಕ್ಷಣೆ. ಬೀಗ ಹಾಕಿ ಬೆಂಗಳೂರಿನ ಮಗನ ಮನೆಗೆ ಹೋದಾಗ ಕಳ್ಳರು ನುಗ್ಗಿದರೆ ಅದಕ್ಕೆ ಬೇರೆ ವಿಮೆ ಬೇಕು. ಮನೆ ಸಾಮಾನಿಗೆ ಕಟ್ಟಡದ ವಿಮಾ ಮೊತ್ತದ ಶೇ 20, ಹೆಚ್ಚೆಂದರೆ 10 ಲಕ್ಷ ರೂಪಾಯಿ ತಾನಾಗಿ ಸೇರುತ್ತದೆ. ಅಟ್ಟದ ಮೇಲಿನ ಅಡಿಕೆ ಚೀಲಗಳನ್ನು ಮನೆ ಸಾಮಾನು ಎಂದು ಕಂಪನಿ ಸುಲಭಕ್ಕೆ ಒಪ್ಪುವುದಿಲ್ಲ. ಕೊಟ್ಟಿಗೆ, ಅಡಿಕೆ ಬೇಯಿಸುವ ಮನೆ ಸೇರಿದೆಯೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಪಾಲಿಸಿಯಲ್ಲಿ ಬರೆಸಿ.

ಮೊತ್ತದ ಲೆಕ್ಕದಲ್ಲಿ ಆಗುವ ತಪ್ಪು ಒಂದೇ ಬಗೆಯದು: ಸಾಲದ ಮೊತ್ತವನ್ನೇ ವಿಮಾ ಮೊತ್ತವಾಗಿ ಬರೆದುಬಿಡುತ್ತಾರೆ. ಸರಿಯಾದ ಲೆಕ್ಕ ಮನೆಯ ಕಾರ್ಪೆಟ್ ಅಳತೆಗೆ ಈಗಿನ ಕಟ್ಟುವ ಖರ್ಚನ್ನು ಗುಣಿಸಿದ್ದು. ಜಾಗದ ಬೆಲೆ ಅದರಲ್ಲಿಲ್ಲ. ಮೊತ್ತ ಕಡಿಮೆ ಇದ್ದರೂ ಗೃಹ ರಕ್ಷಾದಲ್ಲಿ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕಡಿತ ಮಾಡುವುದಿಲ್ಲ ಎಂಬುದು ನೆಮ್ಮದಿ. ಆದರೆ ಮೊತ್ತವನ್ನೇ ಕಡಿಮೆ ಬರೆಸಿದ್ದರೆ, ಇಡೀ ಮನೆ ಹೋದಾಗ ಮತ್ತೆ ಕಟ್ಟುವಷ್ಟು ಬರುವುದಿಲ್ಲ.

“ನಮ್ಮವರೇ ಅಲ್ವಾ, ಅವರ ಮೇಲೆ ದೂರು ಕೊಡೋದು ಹೇಗೆ?”

ಈ ಸಂಕೋಚಕ್ಕೆ ನಾನು ಗೌರವ ಕೊಡುತ್ತೇನೆ. ಮದುವೆ ಮುಂಜಿಯಲ್ಲಿ ಎದುರಾಗುವ ಮುಖ ಅದು. ಆದರೆ ದೂರು ಕೊಡುವುದು ಕಂಪನಿಗೆ, ಕೇಳುವುದು ಕಂಪನಿಯಿಂದ ಬರಬೇಕಾದ ಪರಿಹಾರ. ಏಜೆಂಟರನ್ನು ಬೈಯುವ ಅಗತ್ಯವೇ ಇಲ್ಲ. ಒಳ್ಳೆಯ ಏಜೆಂಟರು “ಮನೆಯವರು ಸರಿಯಾಗಿ ಹೇಳಿದ್ದರು, ಬರೆಯುವಾಗ ನನ್ನಿಂದ ತಪ್ಪಾಯಿತು” ಎಂದು ಕಂಪನಿಗೆ ಬರೆದುಕೊಡುತ್ತಾರೆ. ನಿಮ್ಮ ಪರವಾಗಿ ಅದಕ್ಕಿಂತ ಬಲವಾದ ಕಾಗದ ಬೇರೊಂದಿಲ್ಲ. ವಿಶ್ವಾಸ ಉಳಿದಿರುವಾಗಲೇ ಅದನ್ನು ಕೇಳಿ ಪಡೆಯಿರಿ. ಅವರು ಕೈಯಿಂದ ಪರಿಹಾರ ಕೊಡುತ್ತೇನೆ, ಸುಮ್ಮನಿರಿ ಎಂದರೆ ಒಪ್ಪಬೇಡಿ. ಕುಸಿದ ಮನೆಯನ್ನು ಒಬ್ಬ ಏಜೆಂಟರ ಕಮಿಷನ್ನಿನಿಂದ ಕಟ್ಟಲಾಗದು.

“ಕಂಪನಿ ಇಲ್ಲ ಅಂದಮೇಲೆ ಮುಗೀತು. ಕೋರ್ಟು ಕಚೇರಿ ಯಾರು ಅಲೆಯೋದು?”

ಮುಗಿಯುವುದಿಲ್ಲ, ಅಷ್ಟು ಅಲೆದಾಟವೂ ಇಲ್ಲ. ವಿಮಾ ಪ್ರಾಧಿಕಾರ 2024ರಲ್ಲಿ ಹೊರಡಿಸಿದ ಸುತ್ತೋಲೆಯಂತೆ ಹಾನಿ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನಗಳಲ್ಲಿ ವರದಿ, ಅದಾದ ಏಳು ದಿನಗಳಲ್ಲಿ ಕಂಪನಿಯ ತೀರ್ಮಾನ ಆಗಬೇಕು. ತಪ್ಪು ಇರುವುದು ಗೊತ್ತಾದರೆ ಸರ್ವೇಯರಿಂದ ಮುಚ್ಚಿಡಬೇಡಿ. ದಾಖಲೆ ಕೈಯಲ್ಲಿಟ್ಟುಕೊಂಡು ನೀವೇ ಮೊದಲು ಹೇಳಿ. ಗ್ರಾಮ ಆಡಳಿತ ಅಧಿಕಾರಿಯ ಪಂಚನಾಮೆ, ಪಂಚಾಯ್ತಿಯ ಮನೆ ತೆರಿಗೆ ರಸೀದಿ, ವಿದ್ಯುತ್ ಬಿಲ್ಲು ಇವು ಮನೆ ಇದೇ ಎಂದು ತೋರಿಸುವ ಆಧಾರಗಳು. ಸರ್ಕಾರದ ಮಳೆ ಹಾನಿ ಪರಿಹಾರ ಬೇರೆ, ವಿಮೆ ಬೇರೆ. ಅರ್ಜಿ ಎರಡಕ್ಕೂ ಕೊಡಿ.

ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಪ್ರಾಧಿಕಾರದ “ಬಿಮಾ ಭರೋಸಾ” ಜಾಲತಾಣದಲ್ಲೂ 155255 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ. ದೂರನ್ನು ಆನ್‌ಲೈನ್‌ನಲ್ಲಿ ಕೊಡಬಹುದು, ವಿಚಾರಣೆ ವಿಡಿಯೊ ಮೂಲಕವೂ ನಡೆಯುತ್ತದೆ. 50 ಲಕ್ಷ ರೂಪಾಯಿವರೆಗಿನ ಪರಿಹಾರ ಅವರ ವ್ಯಾಪ್ತಿಯಲ್ಲಿದೆ, ಅವರ ಆದೇಶ ಕಂಪನಿಯನ್ನು ಕಟ್ಟುತ್ತದೆ. 2017ರ ಒಂಬುಡ್ಸ್‌ಮನ್ ನಿಯಮಗಳು ದೂರಿನ ಕಾರಣಗಳನ್ನು ಪಟ್ಟಿ ಮಾಡುವಾಗ, ಪ್ರಪೋಸಲ್ ಫಾರ್ಮಿಗೆ ಹೊಂದದ ಪಾಲಿಸಿ ಕೊಟ್ಟಿರುವುದನ್ನು ಪ್ರತ್ಯೇಕವಾಗಿಯೇ ಹೆಸರಿಸಿವೆ. ಆ ಫಾರ್ಮಿನ ಪ್ರತಿಗಾಗಿ ಮೇಲೆ ಇಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಗ್ರಾಹಕ ಆಯೋಗದ ದಾರಿಯೂ ತೆರೆದಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ನಮಗೆ ಕಾರವಾರದಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ಅಡ್ಡಿಯಿಲ್ಲ. ಕಟ್ಟಿದ ಕಂತು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಕಂಪನಿ ಅರ್ಧಂಬರ್ಧ ಮೊತ್ತಕ್ಕೆ ಒಪ್ಪಿ, “ಪೂರ್ಣ ಮತ್ತು ಅಂತಿಮ” ಎಂದು ಬರೆದ ವೋಚರಿಗೆ ಸಹಿ ಕೇಳುವುದುಂಟು. ಮಳೆಗಾಲದಲ್ಲಿ ಸೂರಿಲ್ಲದವರು ಬಂದಷ್ಟು ಬರಲಿ ಎಂದು ಸಹಿ ಹಾಕಿಬಿಡುತ್ತಾರೆ. ವಂಚನೆ ಅಥವಾ ಒತ್ತಡದಿಂದ ಪಡೆದ ಸಹಿಯಾದರೆ ಅದರಿಂದ ಹಕ್ಕು ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಒತ್ತಡವಿತ್ತು ಎಂದು ತೋರಿಸುವ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಸಹಿ ಹಾಕಲೇಬೇಕಾದ ಸ್ಥಿತಿ ಬಂದರೆ, ಉಳಿದ ಮೊತ್ತಕ್ಕೆ ಆಕ್ಷೇಪ ಇಟ್ಟುಕೊಂಡು ಪಡೆಯುತ್ತಿದ್ದೇನೆ ಎಂದು ಕನ್ನಡದಲ್ಲೇ ಅದರ ಮೇಲೆ ಬರೆಯಿರಿ. ಬರೆಯಲು ಬಿಡದಿದ್ದರೆ ಅದೇ ದಿನ ಆ ಮಾತನ್ನು ಇಮೇಲಿನಲ್ಲಿ ಕಂಪನಿಗೆ ಕಳಿಸಿ.